ಜಾತ್ರೆ ಬಲೂನ್ ಅಂಗಡಿಯ ಏರ್‌ಗನ್: ಸ್ಪ್ರಿಂಗ್ ಕತ್ತರಿಸಿದ್ರೆ ಪವರ್ ಎಷ್ಟು ಕಮ್ಮಿಯಾಗುತ್ತೆ?

ಜಾತ್ರೆ ಸೀಸನ್ ಬಂತು ಅಂದ್ರೆ ತೇರು ಬೀದಿಯ ಪಕ್ಕ ಬಲೂನ್ ಹೊಡೆಯೋ ಅಂಗಡಿಗಳೂ ಬರುತ್ತವೆ. ಬಲೂನ್ ಒಡೆಯೋಕೆ ಜಾಸ್ತಿ ಪವರ್ ಬೇಕಾಗಿಲ್ಲ. ಗನ್ ಜೋರಾಗಿದ್ದರೆ ಹಲಗೆ ತೂತಾಗುತ್ತೆ, ಗುಂಡು ವಾಪಸ್ ಚಿಮ್ಮುತ್ತೆ, ಮಕ್ಕಳಿಗೆ ನಳಿಗೆ ಬಗ್ಗಿಸೋಕೂ ಆಗಲ್ಲ. ಹಾಗಾಗಿ ಒಳಗಿನ ಸ್ಪ್ರಿಂಗ್ ತೆಗೆದು ಲೇತ್ ಅಂಗಡಿಯಲ್ಲಿ ಎರಡು ಸುತ್ತು ಕತ್ತರಿಸಿದ್ರೆ ಆಯ್ತು ಅನ್ನೋದು ಸುಲಭವಾಗಿ ಸಿಗುವ ಸಲಹೆ. ಇದರಲ್ಲಿ ಅರ್ಧ ನಿಜ ಇದೆ. ಉಳಿದರ್ಧ ಗೊತ್ತಿಲ್ಲದೆ ಗರಗಸ ಹಿಡಿದ್ರೆ ಗನ್ನೂ ಹಾಳು, ಎದುರಿಗಿರೋರಿಗೂ ಅಪಾಯ.

ಒಳಗೆ ನಡೆಯೋದೇನು?

ಈ ಗನ್‌ನಲ್ಲಿ ಮದ್ದು ಇರಲ್ಲ, ಗ್ಯಾಸ್ ಸಿಲಿಂಡರೂ ಇರಲ್ಲ. ನಳಿಗೆ ಬಗ್ಗಿಸಿದಾಗ ಒಳಗಿನ ಪಿಸ್ಟನ್ ಹಿಂದಕ್ಕೆ ಹೋಗಿ ಸ್ಪ್ರಿಂಗನ್ನು ಒತ್ತಿ ಕೊಕ್ಕೆಗೆ ಸಿಕ್ಕಿಕೊಳ್ಳುತ್ತೆ. ಟ್ರಿಗರ್ ಒತ್ತಿದ ತಕ್ಷಣ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತೆ. ಮುಂದೆ ಇರೋ ಗಾಳಿ ಒತ್ತಿಕೊಂಡು ಗುಂಡನ್ನು ಹೊರಗೆ ಎಸೆಯುತ್ತೆ. ಸೈಕಲ್ ಪಂಪನ್ನು ಒಂದೇ ಏಟಿಗೆ ಒತ್ತಿದ ಹಾಗೆ. ಸ್ಪ್ರಿಂಗ್‌ನಲ್ಲಿ ಕೂಡಿಟ್ಟ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಗುಂಡಿಗೆ ತಲುಪುತ್ತೆ. ಉಳಿದಿದ್ದು ಬಿಸಿ, ಸದ್ದು, ಅದುರಾಟದಲ್ಲಿ ಹೋಗುತ್ತೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಗನ್ ಸುಮ್ಮನೆ ಇದ್ದಾಗಲೂ ಸ್ಪ್ರಿಂಗ್ ಸ್ವಲ್ಪ ಒತ್ತಿಕೊಂಡೇ ಇರುತ್ತೆ. ಇದನ್ನು ಪ್ರಿಲೋಡ್ ಅಂತಾರೆ. ನಳಿಗೆ ಬಗ್ಗಿಸಿದಾಗ ಅದರ ಮೇಲೆ ಇನ್ನಷ್ಟು ಒತ್ತಡ ಸೇರುತ್ತೆ. ಪವರ್ ಕಮ್ಮಿ ಮಾಡೋದು ಅಂದ್ರೆ ಮುಖ್ಯವಾಗಿ ಈ ಪ್ರಿಲೋಡ್ ಕಮ್ಮಿ ಮಾಡೋದು.

ಕತ್ತರಿಸಿದ್ರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ!

ಕೇಳೋಕೆ ವಿಚಿತ್ರ, ಆದ್ರೆ ಸತ್ಯ. ಅದೇ ತಂತಿ, ಅದೇ ಅಗಲದ ಸ್ಪ್ರಿಂಗ್‌ನಲ್ಲಿ ಸುತ್ತು ಕಮ್ಮಿಯಾದಷ್ಟೂ ಪ್ರತಿ ಮಿಲಿಮೀಟರ್ ಒತ್ತೋಕೆ ಜಾಸ್ತಿ ಬಲ ಬೇಕು. ಉದ್ದ ಕಮ್ಮಿಯಾಗಿ ಪ್ರಿಲೋಡ್ ಇಳಿಯುತ್ತೆ, ಅದೇ ಹೊತ್ತಿಗೆ ಸ್ಪ್ರಿಂಗ್ ಬಿಗಿಯೂ ಆಗುತ್ತೆ. ಹಾಗಾಗಿ ಅಂದಾಜು ಮಾಡಿದಷ್ಟು ಪವರ್ ಇಳಿಯಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಬಿಡಿಯಾಗಿ 250 ಮಿ.ಮೀ. ಉದ್ದದ ಸ್ಪ್ರಿಂಗ್. ಗನ್ ಒಳಗೆ 50 ಮಿ.ಮೀ. ಒತ್ತಿಕೊಂಡಿದೆ. ನಳಿಗೆ ಬಗ್ಗಿಸಿದಾಗ ಇನ್ನೂ 80 ಮಿ.ಮೀ. ಒತ್ತುತ್ತೆ. ಆಗ ಸಿಗೋ ಶಕ್ತಿಯನ್ನು 100 ಪಾಲು ಅಂದುಕೊಳ್ಳಿ. ಸುತ್ತುಗಳಲ್ಲಿ ಹತ್ತನೇ ಒಂದು ಭಾಗ, ಅಂದ್ರೆ 25 ಮಿ.ಮೀ. ಕತ್ತರಿಸಿದ್ರೆ ಶಕ್ತಿ ಸುಮಾರು 80 ಪಾಲಿಗೆ ಇಳಿಯುತ್ತೆ. ಕತ್ತರಿಸದೆ, ಸ್ಪ್ರಿಂಗ್ ತುದಿಗೆ ಹಾಕಿರೋ 25 ಮಿ.ಮೀ. ವಾಷರ್‌ಗಳನ್ನಷ್ಟೇ ತೆಗೆದ್ರೆ ಸುಮಾರು 72 ಪಾಲಿಗೆ ಇಳಿಯುತ್ತೆ. ಕತ್ತರಿಸೋದಕ್ಕಿಂತ ಇದೇ ಜಾಸ್ತಿ ಇಳಿಸುತ್ತೆ, ಬೇಡ ಅನ್ನಿಸಿದ್ರೆ ವಾಷರ್ ವಾಪಸ್ ಹಾಕಲೂಬಹುದು. ಕತ್ತರಿಸಿದ ಸುತ್ತನ್ನು ವಾಪಸ್ ಅಂಟಿಸೋಕೆ ಆಗಲ್ಲ.

ಹಾಗಾದ್ರೆ ಸರಿಯಾದ ದಾರಿ ಯಾವುದು?

ಮೊದಲು ವಾಷರ್ ಇದ್ದರೆ ತೆಗೆಯಬೇಕು. ಸಾಲದಿದ್ದರೆ ತೆಳು ತಂತಿಯ, ಮೆತ್ತಗಿನ ಸ್ಪ್ರಿಂಗ್ ಹಾಕಬೇಕು. ಕಂಪನಿಗಳು ಮಾಡೋದೂ ಇದನ್ನೇ. ಜರ್ಮನಿಯಲ್ಲಿ ಲೈಸೆನ್ಸ್ ಇಲ್ಲದೆ ಮಾರುವ ಏರ್ ರೈಫಲ್‌ಗೆ 7.5 ಜೂಲ್ ಮಿತಿ, ಇಂಗ್ಲೆಂಡಿನಲ್ಲಿ ಸುಮಾರು 16 ಜೂಲ್. ಒಂದೇ ಮಾಡೆಲ್ ಗನ್ನನ್ನು ಎರಡೂ ಕಡೆಗೆ ಬೇರೆ ಬೇರೆ ಸ್ಪ್ರಿಂಗ್ ಹಾಕಿ ಕಳಿಸ್ತಾರೆ.

ಕತ್ತರಿಸೋದು ಕೊನೇ ದಾರಿ. ಕತ್ತರಿಸಿದ ತುದಿ ಚೂಪಾಗಿ ಉಳಿದ್ರೆ ಪಿಸ್ಟನ್ ಒಳಮೈ ಗೀಚಿಹೋಗುತ್ತೆ, ಸ್ಪ್ರಿಂಗ್ ಓರೆಯಾಗಿ ಕೂರುತ್ತೆ. ಕೊನೇ ಸುತ್ತನ್ನಷ್ಟೇ ಕಾಯಿಸಿ, ಪಕ್ಕದ ಸುತ್ತಿಗೆ ತಾಗುವಂತೆ ಬಾಗಿಸಿ, ಆರಿದ ಮೇಲೆ ಸಾಣೆ ಹಿಡಿದು ಸಮತಟ್ಟು ಮಾಡಬೇಕು. ಇಡೀ ಸ್ಪ್ರಿಂಗ್ ಕಾಯಿಸಿದ್ರೆ ಅದರ ಹದವೇ ಹೋಗುತ್ತೆ. ಅತಿಯಾಗಿ ಕತ್ತರಿಸಿ ಪ್ರಿಲೋಡ್ ಪೂರ್ತಿ ಹೋದ್ರೆ ಸ್ಪ್ರಿಂಗ್ ಒಳಗೆ ಗಡಗಡ ಅಲ್ಲಾಡುತ್ತೆ, ಒಂದೊಂದು ಗುಂಡು ಒಂದೊಂದು ಕಡೆ ಹೋಗುತ್ತೆ.

ಬಿಚ್ಚುವಾಗಲೇ ದೊಡ್ಡ ಅಪಾಯ. ಹಿಂದಿನ ಪಿನ್ ತೆಗೆದ ತಕ್ಷಣ ಒತ್ತಿಕೊಂಡಿರೋ ಸ್ಪ್ರಿಂಗ್ ಕಬ್ಬಿಣದ ಬಿರಡೆ ಸಮೇತ ಮುಖಕ್ಕೆ ಹಾರಬಹುದು. ಒತ್ತಿ ಹಿಡಿಯೋ ಕ್ಲಾಂಪ್ ಇಲ್ಲದೆ, ಬರೀ ಎದೆಗೆ ಆನಿಸಿಕೊಂಡು ಬಿಚ್ಚೋ ಸಾಹಸ ಬೇಡ. ಗೊತ್ತಿರೋ ಗನ್ ರಿಪೇರಿಯವರ ಕೈಗೆ ಕೊಡೋದೇ ಸರಿ.

ಮೆತ್ತಗಾಗಿದೆ ಅಂತ ನಂಬಬೇಡಿ

ಹಳೇ ಗನ್ ಮೆತ್ತಗಾಗೋಕೆ ಸ್ಪ್ರಿಂಗ್ ಒಂದೇ ಕಾರಣ ಅಲ್ಲ. ಚರ್ಮದ ವಾಷರ್ ಒಣಗಿರಬಹುದು, ನಳಿಗೆ ಕೂಡುವ ಜಾಗದ ಸೀಲ್ ಸೋರುತ್ತಿರಬಹುದು. ಅಂಥ ಗನ್ನಿಗೆ ಯಾರೋ ಧಾರಾಳವಾಗಿ ಎಣ್ಣೆ ಬಿಟ್ಟರು ಅನ್ನಿ. ಒತ್ತಿದ ಗಾಳಿಯ ಬಿಸಿಗೆ ಆ ಎಣ್ಣೆಯೇ ಡೀಸೆಲ್ ಎಂಜಿನ್‌ನಲ್ಲಿ ಹೊತ್ತಿಕೊಳ್ಳುವ ಹಾಗೆ ಹೊತ್ತಿಕೊಂಡು, ಢಮಾರ್ ಅಂತ ಗುಂಡು ಎಂದಿಗಿಂತ ಜೋರಾಗಿ ಹೋಗುತ್ತೆ. ಬೆಳಿಗ್ಗೆ ಮೆತ್ತಗಿದ್ದ ಗನ್ ಸಂಜೆ ಹಾಗೇ ಇರುತ್ತೆ ಅನ್ನೋ ಗ್ಯಾರಂಟಿ ಇಲ್ಲ.

ಇನ್ನೊಂದು ಲೆಕ್ಕ. ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೋದ್ರೆ ಅದರ ಶಕ್ತಿ 10 ಜೂಲ್. ಇದನ್ನು ಅರ್ಧಕ್ಕೆ, 5 ಜೂಲ್‌ಗೆ ಇಳಿಸಿದ್ರೂ ವೇಗ ಅರ್ಧ ಆಗಲ್ಲ, ಸುಮಾರು 141 ಮೀಟರ್‌ಗೆ ನಿಲ್ಲುತ್ತೆ. ಅಂದ್ರೆ ಗಂಟೆಗೆ 500 ಕಿ.ಮೀ.ಗೂ ಜಾಸ್ತಿ! ಕಣ್ಣು ಹೋಗೋಕೆ ಇದು ಧಾರಾಳ ಸಾಕು. ಪವರ್ ಇಳಿಸಿದ್ರೆ ಅಪಾಯ ತಗ್ಗುತ್ತೆ, ತಪ್ಪಲ್ಲ.

ಅದಕ್ಕೇ ಅಂಗಡಿಯವರು ಸ್ಪ್ರಿಂಗ್‌ಗಿಂತ ಮೊದಲು ನೋಡಬೇಕಾದ್ದು ಬಲೂನ್ ಹಿಂದಿನ ಗೋಡೆ. ತಗಡಿನ ಶೀಟ್ ಬೇಡವೇ ಬೇಡ. ಮೆತ್ತನೆ ಹಲಗೆಯ ಹಿಂದೆ ದಪ್ಪ ಕಂಬಳಿ ಅಥವಾ ಗೋಣಿತಾಟನ್ನು ಸಡಿಲವಾಗಿ ಇಳಿಬಿಟ್ಟರೆ ಗುಂಡು ಅಲ್ಲೇ ಬೀಳುತ್ತೆ. ಉಕ್ಕಿನ ದುಂಡು ಗುಂಡು ಜೋರಾಗಿ ವಾಪಸ್ ಚಿಮ್ಮುವುದರಿಂದ ಸೀಸದ್ದೇ ಬಳಸಬೇಕು, ಸೀಸ ಮುಟ್ಟಿದ ಕೈ ತೊಳೆದೇ ತಿಂಡಿ ತಿನ್ನಬೇಕು. ಹೊಡೆಯೋರಿಗೆ ಕನ್ನಡಕ, ಮಿಕ್ಕವರಿಗೆ ಅಡ್ಡ ಹಗ್ಗ ಇರಲಿ.

ಕಾನೂನು ಏನು ಹೇಳುತ್ತೆ?

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಏರ್‌ಗನ್‌ಗೆ ಇರೋ ಗೆರೆ 20 ಜೂಲ್ ಶಕ್ತಿ, 4.5 ಮಿ.ಮೀ. ನಳಿಗೆ. ಇದನ್ನು ದಾಟಿದ್ದಕ್ಕೆ ಲೈಸೆನ್ಸ್ ಬೇಕು. ಪವರ್ ಇಳಿಸಿದವರಿಗೆ ಈ ಗೆರೆಯ ಚಿಂತೆ ಇಲ್ಲ. ಆದ್ರೆ ಗಟ್ಟಿ ಸ್ಪ್ರಿಂಗ್ ಹಾಕಿಸಿ ಪವರ್ ಏರಿಸೋರು, ಲೈಸೆನ್ಸ್ ಬೇಡದ ಗನ್ನನ್ನು ತಮಗೇ ಗೊತ್ತಿಲ್ಲದೆ ಲೈಸೆನ್ಸ್ ಬೇಕಾದ ಗನ್ ಮಾಡಿಬಿಡಬಹುದು. ಪವರ್ ಎಷ್ಟಿದೆ ಅಂತ ಕೈಯಳತೆಯಲ್ಲಿ ಹೇಳೋಕಾಗಲ್ಲ. ಗುಂಡಿನ ವೇಗ ಅಳೆಯೋ ಕ್ರೋನೋಗ್ರಾಫ್ ಯಂತ್ರವೇ ಬೇಕು. ಮೆತ್ತಗಿನ ಗನ್ ತಾನೇ ಅಂತ ಹಕ್ಕಿಗಳಿಗೆ ಗುರಿಯಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು ಬೀಳಬಹುದು.

ಜಾತ್ರೆಗೆ ಅಂಗಡಿ ಹಾಕೋಕೆ ಮುಂಚೆ ಗನ್ನಿನ ಸೀಲ್ ಮತ್ತು ವಾಷರ್, ಬಲೂನ್ ಹಿಂದಿನ ಪರದೆ ಇವಿಷ್ಟನ್ನು ಒಮ್ಮೆ ನೋಡಿಕೊಂಡ್ರೆ ಅರ್ಧ ದಿನದ ಕೆಲಸ. ಗರಗಸ ಅಲ್ಲಿವರೆಗೂ ಪೆಟ್ಟಿಗೆಯಲ್ಲೇ ಇರಲಿ.