ಆಟ ಏನನ್ನು ಎಣಿಸುತ್ತೆ ಅನ್ನೋದೇ ಅದರ ರಾಜಕೀಯ: ನೀವು ಆಡಬೇಕಾದ ಐದು ಆರ್‌ಪಿಜಿಗಳು

ನಮ್ಮ ಸುದ್ದಿಗಳಲ್ಲಿ ‘ಗೇಮಿಂಗ್’ ಅಂದರೆ ರಮ್ಮಿ, ಬೆಟ್ಟಿಂಗ್, ಸಾಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಮಸೂದೆಯನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದಾಗಲೂ ಮಾತು ತಿರುಗಿದ್ದು ಇವುಗಳ ಸುತ್ತಲೇ. ಆ ಚರ್ಚೆ ಬೇಕಿತ್ತು. ಆದರೆ ಅದರ ಗದ್ದಲದಲ್ಲಿ ಇನ್ನೊಂದು ಬಗೆಯ ಆಟ ನಮ್ಮ ಕಣ್ಣಿಗೆ ಬೀಳೋದೇ ಇಲ್ಲ. ಅಲ್ಲಿ ಪಣಕ್ಕೆ ಹಣ ಇಡೋದಿಲ್ಲ, ಬೆರಳಿನ ವೇಗವೂ ಬೇಕಿಲ್ಲ. ಓದಬೇಕು, ಒಂದು ಆಯ್ಕೆ ಮಾಡಬೇಕು, ಆಮೇಲೆ ಆ ಆಯ್ಕೆಯ ಜೊತೆ ಬದುಕಬೇಕು.

ರೋಲ್-ಪ್ಲೇಯಿಂಗ್ ಗೇಮ್, ಚಿಕ್ಕದಾಗಿ ಆರ್‌ಪಿಜಿ, ಅನ್ನೋದು ಈ ಜಾತಿಯ ಆಟ. ಇವುಗಳ ಪೈಕಿ ರಾಜಕೀಯದಲ್ಲಿ ಆಸಕ್ತಿ ಇರುವವರು ಆಡಲೇಬೇಕಾದ ಐದನ್ನು ಇಲ್ಲಿ ಪಟ್ಟಿ ಮಾಡಿದ್ದೇನೆ. ಪಟ್ಟಿಗೆ ಮುಂಚೆ ಇವು ಹೇಗೆ ಕೆಲಸ ಮಾಡುತ್ತವೆ ಅಂತ ನೋಡೋಣ. ಏಕೆಂದರೆ ಇಂಥ ಆಟದ ರಾಜಕೀಯ ಇರೋದು ಕಥೆಗಿಂತ ಹೆಚ್ಚಾಗಿ ಅದರ ನಿಯಮಗಳಲ್ಲಿ.

ದಾಳ, ಹಾಳೆ, ಅಂಕ

ಎಲ್ಲಾ ಶುರುವಾಗಿದ್ದು 1974ರಲ್ಲಿ ಅಮೆರಿಕದ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಿಂದ. ಮೇಜಿನ ಸುತ್ತ ಕೂತ ನಾಲ್ಕೈದು ಜನ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಪಾತ್ರದ ಬಲ, ಬುದ್ಧಿ, ಚುರುಕುತನ ಎಲ್ಲವೂ ಒಂದು ಹಾಳೆಯ ಮೇಲೆ ಸಂಖ್ಯೆಗಳಾಗಿ ಇರುತ್ತವೆ. ಗೋಡೆ ಹತ್ತಬೇಕೇ, ಸುಳ್ಳು ಹೇಳಬೇಕೇ? ದಾಳ ಉರುಳಿಸಿ. ಕಂಪ್ಯೂಟರ್ ಬಂದ ಮೇಲೆ ಕಥೆ ನಡೆಸುವವರ ಜಾಗದಲ್ಲಿ ಪ್ರೋಗ್ರಾಂ ಕೂತಿತು, ಅಷ್ಟೇ.

ಆ ಮೊದಲ ಆಟದ ಒಂದು ನಿಯಮ ಗಮನಿಸಿ. ಪಾತ್ರ ಬೆಳೆಯಲು ‘ಅನುಭವದ ಅಂಕ’ ಬೇಕು. ಅಂಕ ಸಿಗುತ್ತಿದ್ದದ್ದು ಎರಡು ದಾರಿಯಲ್ಲಿ: ಶತ್ರುಗಳನ್ನು ಸೋಲಿಸಿದರೆ, ಮತ್ತು ಅವರ ನಿಧಿ ಹೊತ್ತು ತಂದರೆ. ಅಂದಮೇಲೆ ಆಟಗಾರ ಏನು ಮಾಡುತ್ತಾನೆ? ಬೇರೆಯವರ ನೆಲಕ್ಕೆ ನುಗ್ಗುತ್ತಾನೆ, ಹೊಡೆಯುತ್ತಾನೆ, ಚಿನ್ನ ತರುತ್ತಾನೆ. ವಸಾಹತುಶಾಹಿ ಪಾಠ ಅಂತ ಯಾರೂ ಬರೆದಿರಲಿಲ್ಲ. ಆದರೆ ಎಣಿಕೆ ಹಾಗಿದ್ದರೆ ನಡವಳಿಕೆಯೂ ಹಾಗೇ ಆಗುತ್ತದೆ. ಇಂದಿನ ನೂರಾರು ಆರ್‌ಪಿಜಿಗಳು ಇದೇ ಲೆಕ್ಕದ ಮೇಲೆ ನಿಂತಿವೆ.

ಎಣಿಕೆ ಬದಲಾದರೆ? 1985ರಲ್ಲಿ ರಿಚರ್ಡ್ ಗ್ಯಾರಿಯಟ್ ‘ಅಲ್ಟಿಮಾ 4’ ಮಾಡಿದಾಗ ಅದರಲ್ಲಿ ಕೊಲ್ಲಬೇಕಾದ ದೊಡ್ಡ ಖಳನೇ ಇರಲಿಲ್ಲ. ಪ್ರಾಮಾಣಿಕತೆ, ಕರುಣೆಯಂಥ ಎಂಟು ಗುಣಗಳಲ್ಲಿ ಬೆಳೆಯೋದೇ ಗುರಿ. ಅದರಲ್ಲಿ ಒಬ್ಬ ಅಂಧ ಅಂಗಡಿಯವಳು ಬರುತ್ತಾಳೆ. ಆಕೆಗೆ ಎಷ್ಟು ಹಣ ಕೊಡಬೇಕು ಅನ್ನೋದು ನಿಮಗೆ ಬಿಟ್ಟದ್ದು. ಕಡಿಮೆ ಕೊಟ್ಟರೆ ಯಾರೂ ಬೈಯೋದಿಲ್ಲ. ಆದರೆ ಆಟ ಒಳಗೊಳಗೇ ಲೆಕ್ಕ ಇಟ್ಟುಕೊಳ್ಳುತ್ತದೆ.

ಹಾಗಾಗಿ ಒಂದು ಆರ್‌ಪಿಜಿ ಯಾವ ಪಕ್ಷದ್ದು ಅಂತ ತಿಳಿಯಬೇಕಾದರೆ ಅದು ಏನು ಹೇಳುತ್ತೆ ಅನ್ನೋದಕ್ಕಿಂತ ಏನನ್ನು ಎಣಿಸುತ್ತೆ ಅಂತ ನೋಡಿ. ಈ ಐದನ್ನು ಆರಿಸಿರುವುದು ಅದೇ ಅಳತೆಗೋಲಿನಿಂದ.

1. ಡಿಸ್ಕೋ ಎಲಿಸಿಯಮ್ (2019)

ಎಸ್ಟೋನಿಯಾ ಮೂಲದ ಜಾ/ಉಮ್ ತಂಡದ ಆಟ. ಕುಡಿದು ತನ್ನ ಹೆಸರನ್ನೇ ಮರೆತಿರುವ ಒಬ್ಬ ಪೊಲೀಸ್ ಪತ್ತೇದಾರ ನೀವು. ಊರಿನ ಹೆಸರು ರೆವಶೋಲ್. ದಶಕಗಳ ಹಿಂದೆ ಇಲ್ಲಿ ಕ್ರಾಂತಿ ನಡೆದು, ವಿದೇಶಿ ಸೇನೆಗಳು ಬಂದು ಅದನ್ನು ಹೊಸಕಿ ಹಾಕಿವೆ. ಈಗ ಬಂದರಿನಲ್ಲಿ ಮುಷ್ಕರ ನಡೀತಿದೆ, ಹಾಸ್ಟೆಲ್ ಹಿತ್ತಲಿನ ಮರದಲ್ಲಿ ಒಂದು ಹೆಣ ನೇತಾಡ್ತಿದೆ. ಯೂನಿಯನ್ ನಾಯಕ ಎವ್ರಾರ್ ಕ್ಲೇರ್ ಮಹಾಪುರುಷ ಏನಲ್ಲ, ಮಹಾ ಚಾಲಾಕಿ. ಆದರೂ ಅವನ ಕಾರ್ಮಿಕರ ಬೇಡಿಕೆ ಸುಳ್ಳಲ್ಲ. ಚಳವಳಿಗಳನ್ನು ಹತ್ತಿರದಿಂದ ನೋಡಿದವರಿಗೆ ಈ ಇಕ್ಕಟ್ಟು ಹೊಸದೇನಲ್ಲ.

ಇಲ್ಲಿ ಯುದ್ಧದ ವ್ಯವಸ್ಥೆಯೇ ಇಲ್ಲ. ಎಣಿಸೋದು ನಿಮ್ಮ ತಲೆಯೊಳಗಿನ 24 ಶಕ್ತಿಗಳನ್ನು. ತರ್ಕ, ಅಧಿಕಾರ, ಅನುಕಂಪ ಹೀಗೆ ಒಂದೊಂದೂ ನಿಮ್ಮ ಜೊತೆ ಮಾತಾಡುತ್ತೆ, ಜಗಳ ಆಡುತ್ತೆ, ಸುಳ್ಳು ಸಲಹೆಯನ್ನೂ ಕೊಡುತ್ತೆ. ಸಿದ್ಧಾಂತಗಳನ್ನು ತಲೆಯಲ್ಲಿ ‘ಇಟ್ಟುಕೊಳ್ಳುವ’ ಕಪಾಟು ಬೇರೆ ಇದೆ. ಅದರ ಲೆಕ್ಕಾಚಾರ ಎಷ್ಟು ತುಂಟತನದ್ದು ನೋಡಿ: ಮಾರುಕಟ್ಟೆ ಪರ ಮಾತಾಡಿದರೆ ದುಡ್ಡು ಬರುತ್ತೆ. ಎಡಪಂಥೀಯವಾಗಿ ಮಾತಾಡಿದರೆ ಅನುಭವದ ಅಂಕ ಸಿಗುತ್ತೆ, ಜೊತೆಗೆ ಬೇರೆ ಶಕ್ತಿಗಳು ಕುಗ್ಗುತ್ತವೆ. ‘ಎರಡೂ ಕಡೆ ತಪ್ಪಿದೆ’ ಅನ್ನುವ ಮಧ್ಯಮಮಾರ್ಗಿಗೆ ಮನಶ್ಶಾಂತಿ ಸಿಗುತ್ತೆ!

ಹತ್ತು ಲಕ್ಷಕ್ಕೂ ಹೆಚ್ಚು ಪದಗಳಿರುವ ಆಟ ಇದು. 2019ರ ಗೇಮ್ ಅವಾರ್ಡ್ಸ್‌ನಲ್ಲಿ ನಾಲ್ಕು ಪ್ರಶಸ್ತಿ ಗೆದ್ದಾಗ ತಂಡದವರು ವೇದಿಕೆ ಮೇಲೆ ಮಾರ್ಕ್ಸ್ ಮತ್ತು ಎಂಗೆಲ್ಸ್‌ಗೆ ಧನ್ಯವಾದ ಹೇಳಿದ್ದರು.

2. ಸಿಟಿಜನ್ ಸ್ಲೀಪರ್ (2022)

ಒಬ್ಬ ಬ್ರಿಟಿಷ್ ವಿನ್ಯಾಸಕ ಗ್ಯಾರೆತ್ ಡೇಮಿಯನ್ ಮಾರ್ಟಿನ್ ಅವರ ಪುಟ್ಟ ಸ್ಟುಡಿಯೋದ ಕೆಲಸ. ಒಂದು ಕಂಪನಿಗೆ ದುಡಿಯಲು ತಯಾರಿಸಿದ ಯಂತ್ರದೇಹದಲ್ಲಿರುವ, ಮನುಷ್ಯ ಮನಸ್ಸಿನ ಒಂದು ನಕಲು ನೀವು. ಆ ದೇಹ ಕಂಪನಿಯ ಆಸ್ತಿ. ತಪ್ಪಿಸಿಕೊಂಡು, ಅರ್ಧ ಪಾಳುಬಿದ್ದ ಬಾಹ್ಯಾಕಾಶ ನಿಲ್ದಾಣವೊಂದಕ್ಕೆ ಬಂದಿದ್ದೀರಿ.

ಪ್ರತಿದಿನ ಬೆಳಗ್ಗೆ ನಿಮಗೆ ಗರಿಷ್ಠ ಐದು ದಾಳ ಸಿಗುತ್ತವೆ. ಒಂದು ಕೆಲಸಕ್ಕೆ ಒಂದು ದಾಳ. ಆರು ಬಿದ್ದ ದಾಳ ಹಾಕಿದರೆ ಕೆಲಸ ಸಲೀಸು. ಒಂದೋ ಎರಡೋ ಆದರೆ ಅಪಾಯ. ಇಲ್ಲಿವರೆಗೂ ಸರಳ. ಆದರೆ ಕಂಪನಿಯ ಔಷಧಿ ಇಲ್ಲದೆ ದೇಹ ದಿನದಿನಕ್ಕೆ ಸವೆಯುತ್ತೆ. ಸವೆದಂತೆ ದಾಳಗಳ ಸಂಖ್ಯೆ ಇಳಿಯುತ್ತೆ. ದಾಳ ಕಡಿಮೆ ಅಂದರೆ ಕೆಲಸ ಕಡಿಮೆ, ಕೆಲಸ ಕಡಿಮೆ ಅಂದರೆ ಔಷಧಿಗೆ ದುಡ್ಡಿಲ್ಲ. ಬಡವರು ಯಾಕೆ ‘ಸರಿಯಾದ ನಿರ್ಧಾರ’ ತಗೊಳ್ಳಲ್ಲ ಅಂತ ಕೇಳುವವರಿಗೆ ಅರ್ಧ ಗಂಟೆಯಲ್ಲಿ ಉತ್ತರ ಸಿಗುತ್ತೆ: ಅವರ ಕೈಯಲ್ಲಿ ಅಷ್ಟು ದಾಳ ಇರಲ್ಲ.

ಗಿಗ್ ಕೆಲಸದ ಸ್ವಂತ ಅನುಭವವೇ ಈ ಆಟಕ್ಕೆ ಮೂಲ ಅಂತ ಮಾರ್ಟಿನ್ ಹೇಳಿಕೊಂಡಿದ್ದಾರೆ. ಗಿಗ್ ಕಾರ್ಮಿಕರಿಗಾಗಿ ಕಾಯ್ದೆ ತಂದಿರುವ ಕರ್ನಾಟಕದಲ್ಲಿ ಇದನ್ನು ಆಡಿದರೆ, ‘ರೇಟಿಂಗ್ ಬಿತ್ತು, ಆರ್ಡರ್ ನಿಂತಿತು’ ಅನ್ನುವ ಡೆಲಿವರಿ ಹುಡುಗರ ಮಾತು ಬೇರೆ ಥರ ಕೇಳುತ್ತೆ. ಇಷ್ಟಾದರೂ ಇದು ಗೋಳಿನ ಆಟ ಅಲ್ಲ. ಹಡಗುಕಟ್ಟೆಯಲ್ಲಿ ದುಡಿಯುವ ಲೆಮ್, ಅವನ ಜೊತೆಗಿರುವ ಪುಟ್ಟ ಹುಡುಗಿ ಮೀನಾ, ಇವರ ಜೊತೆಗಿನ ಒಡನಾಟವೇ ಇದರ ಜೀವಾಳ.

3. ಪೆಂಟಿಮೆಂಟ್ (2022)

ಅಬ್ಸಿಡಿಯನ್ ಸ್ಟುಡಿಯೋದಲ್ಲಿ ಜಾಶ್ ಸಾಯರ್ ನಿರ್ದೇಶಿಸಿದ್ದು. ಕಾಲ 16ನೇ ಶತಮಾನ, ಜಾಗ ಜರ್ಮನಿಯ ಬವೇರಿಯಾದ ಒಂದು ಕಾಲ್ಪನಿಕ ಹಳ್ಳಿ ಮತ್ತು ಅದರ ಮೇಲೆ ಹಿಡಿತವಿರುವ ಮಠ. ನೀವು ಮಠದಲ್ಲಿ ಹಸ್ತಪ್ರತಿಗಳಿಗೆ ಚಿತ್ರ ಬರೆಯುವ ಕಲಾವಿದ ಆಂಡ್ರಿಯಾಸ್. ಒಂದು ಕೊಲೆ ನಡೆಯುತ್ತೆ, ನಿಮಗೆ ಬೇಕಾದ ಮುದುಕ ಸನ್ಯಾಸಿ ಸಿಕ್ಕಿಬೀಳುತ್ತಾನೆ. ಅವನನ್ನು ಉಳಿಸಬೇಕು ಅಂದರೆ ಬೇರೆ ಯಾರನ್ನೋ ತೋರಿಸಬೇಕು.

ಈ ಆಟ ಎಣಿಸೋದು ಸಮಯವನ್ನು, ಅದೂ ಊಟಗಳ ಲೆಕ್ಕದಲ್ಲಿ. ಯಾರ ಮನೆಯಲ್ಲಿ ಕೂತು ಊಟ ಮಾಡ್ತೀರೋ ಅವರ ಕಥೆ ತಿಳಿಯುತ್ತೆ, ಬೇರೆಯವರದ್ದು ತಪ್ಪಿಹೋಗುತ್ತೆ. ಯಾರ ತಟ್ಟೆಯಲ್ಲಿ ಏನಿದೆ ಅನ್ನೋದರಲ್ಲೇ ಊರಿನ ವರ್ಗ ವ್ಯವಸ್ಥೆ ಕಾಣುತ್ತೆ. ಅಕ್ಷರಗಳಲ್ಲೂ ಅಷ್ಟೇ: ಸನ್ಯಾಸಿಯ ಮಾತಿಗೆ ಒಂದು ಬರಹ, ರೈತನ ಮಾತಿಗೆ ಇನ್ನೊಂದು, ಮುದ್ರಕನಿಗೆ ಅಚ್ಚಿನ ಮೊಳೆ. ಯಾರಿಗೆ ಎಷ್ಟು ವಿದ್ಯೆ ಅಂತ ಆಂಡ್ರಿಯಾಸ್ ಅಂದುಕೊಂಡಿದ್ದಾನೋ ಹಾಗೆ ಅವರ ಅಕ್ಷರ. ಅವನ ತಪ್ಪು ಕಲ್ಪನೆ ಕಳಚಿದಾಗ ಕಣ್ಣೆದುರೇ ಅಕ್ಷರದ ರೂಪ ಬದಲಾಗುತ್ತೆ.

ನೀವು ಬೆರಳು ತೋರಿಸಿದವರಿಗೆ ಶಿಕ್ಷೆ ಆಗುತ್ತೆ. ಅವರೇ ಕೊಂದದ್ದಾ? ಆಟ ಖಚಿತವಾಗಿ ಹೇಳೋದೇ ಇಲ್ಲ. ವರ್ಷಗಳು ಕಳೆದು, 1525ರ ಜರ್ಮನ್ ರೈತರ ದಂಗೆಯ ಬಿಸಿ ಆ ಹಳ್ಳಿಗೂ ತಟ್ಟುವ ಹೊತ್ತಿಗೆ ನಿಮ್ಮ ಹಳೆಯ ತೀರ್ಮಾನ ಅಲ್ಲಿನವರ ನೆನಪಲ್ಲಿ ಇನ್ನೂ ಇರುತ್ತೆ. ಮಾಧ್ಯಮ ವಿಚಾರಣೆ ನೋಡಿ ಅರ್ಧ ಗಂಟೆಯಲ್ಲಿ ಅಪರಾಧಿಯನ್ನು ನಿರ್ಧರಿಸುವ ನಮ್ಮ ಕಾಲಕ್ಕೆ ಇದು ಒಳ್ಳೆ ಮದ್ದು.

4. ಸುಜರೈನ್ (2020)

ಬರ್ಲಿನ್‌ನ ಟಾರ್ಪರ್ ಗೇಮ್ಸ್ ತಂಡದ್ದು. 1954, ಸೋರ್ಡ್‌ಲ್ಯಾಂಡ್ ಅನ್ನುವ ಕಾಲ್ಪನಿಕ ದೇಶ. ನೀವು ಹೊಸದಾಗಿ ಗೆದ್ದ ಅಧ್ಯಕ್ಷ ಆಂಟನ್ ರೇನ್. ಅರ್ಥವ್ಯವಸ್ಥೆ ಕುಸಿದಿದೆ, ಸಂವಿಧಾನದ ಮೇಲೆ ಹಳೆಯ ಸೇನಾನಾಯಕನೊಬ್ಬನ ನೆರಳಿದೆ, ಬ್ಲೂಡ್ ಅನ್ನುವ ಅಲ್ಪಸಂಖ್ಯಾತರ ಹಕ್ಕುಗಳ ಪ್ರಶ್ನೆ ಹೊಗೆಯಾಡ್ತಿದೆ, ಗಡಿಯಾಚೆ ಯುದ್ಧಕ್ಕೆ ತಯಾರಾದ ನೆರೆದೇಶ.

ಎಣಿಸೋದು ಖಜಾನೆ ಮತ್ತು ಮತಗಳನ್ನು. ಹೆದ್ದಾರಿಯಾ ರೈಲು ಮಾರ್ಗವಾ? ಆಸ್ಪತ್ರೆಯಾ ಸೇನೆಯಾ? ಎರಡಕ್ಕೂ ದುಡ್ಡಿಲ್ಲ. ಸಂವಿಧಾನ ತಿದ್ದಬೇಕು ಅಂದರೆ ನಿಮ್ಮದೇ ಪಕ್ಷದ ಸಂಪ್ರದಾಯವಾದಿಗಳನ್ನು, ಆಮೇಲೆ ನ್ಯಾಯಾಲಯವನ್ನು ದಾಟಬೇಕು. ಅವರನ್ನು ಒಲಿಸಲು ಏನನ್ನು ಬಿಟ್ಟುಕೊಡ್ತೀರಿ? ‘ಬಹುಮತ ಇದ್ದರೂ ಯಾಕೆ ಮಾಡಲ್ಲ’ ಅಂತ ಟ್ವೀಟ್ ಮಾಡುವವರು ಒಮ್ಮೆ ಆಡಲಿ. ಸರ್ಕಾರಗಳಿಗೆ ನೆಪ ಹುಡುಕಿಕೊಡಲು ಅಲ್ಲ, ಯಾವುದು ನಿಜವಾದ ಅಡ್ಡಿ, ಯಾವುದು ಬರೀ ನೆಪ ಅಂತ ಬಿಡಿಸಿ ನೋಡಲು.

5. ಅನ್‌ರೆಸ್ಟ್ (2014)

ಭಾರತದ್ದೇ ಆದ ಪೈರೋಡ್ಯಾಕ್ಟಿಲ್ ಗೇಮ್ಸ್ ಮಾಡಿದ್ದು. ಪ್ರಾಚೀನ ಭಾರತವನ್ನು ಹೋಲುವ ಲೋಕ, ಬರಗಾಲಕ್ಕೆ ಸಿಕ್ಕ ಭೀಮ್ರಾ ಅನ್ನುವ ನಗರ. ಒಬ್ಬ ನಾಯಕನ ಬದಲು ಹಲವರಾಗಿ ಆಡುತ್ತೀರಿ. ಅವರಲ್ಲೊಬ್ಬಳು ಮನೆಯವರು ಗೊತ್ತುಮಾಡಿದ ಮದುವೆ ಎದುರಿಸಬೇಕಾದ ಹಳ್ಳಿ ಹುಡುಗಿ. ಹೋರಾಟದ ದೃಶ್ಯ ಅಪರೂಪ, ಹೆಚ್ಚಿನದೆಲ್ಲ ಮಾತುಕತೆಯಲ್ಲೇ ನಡೆಯೋದು. ಚಿಕ್ಕ ಆಟ, ಮೊದಲ ನಾಲ್ಕರಷ್ಟು ನಯವೂ ಇಲ್ಲ. ಆದರೆ ರಾಜ, ದೇವರು, ಬಿಲ್ಲುಬಾಣ ಬಿಟ್ಟು ಹಸಿದವರ ಕಡೆಯಿಂದ ನಮ್ಮ ಪುರಾತನವನ್ನು ನೋಡುವ ಇಂಥ ಆಟಗಳು ಬೆರಳೆಣಿಕೆಯಷ್ಟೇ.

ಯಾವುದರಲ್ಲಿ ಆಡೋದು?

ಗೇಮಿಂಗ್ ಅಂದರೆ ಲಕ್ಷದ ಕಂಪ್ಯೂಟರ್ ಬೇಕು ಅನ್ನೋದು ಈ ಐದಕ್ಕೆ ಅನ್ವಯಿಸಲ್ಲ. 2023ರ ‘ಬಾಲ್ಡರ್ಸ್ ಗೇಟ್ 3’ ಅದ್ಭುತ ಆಟ, ಆದರೆ 150 ಜಿಬಿ ಜಾಗ ಮತ್ತು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಕೇಳುತ್ತೆ. ಈ ಐದೂ ಹಾಗಲ್ಲ, ಕಚೇರಿ ಕೆಲಸದ ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ನಡೆಯುವಂಥವು.

ಹ್ಯಾಂಡ್‌ಹೆಲ್ಡ್ ಇದ್ದರೆ ಇನ್ನೂ ಚೆನ್ನ. ಸ್ಟೀಮ್ ಡೆಕ್ ಅನ್ನೋದು ಸುಮಾರು 7 ಇಂಚಿನ ಪರದೆಯ ಒಂದು ಲಿನಕ್ಸ್ ಕಂಪ್ಯೂಟರ್. ವಿಂಡೋಸ್ ಆಟಗಳನ್ನು ‘ಪ್ರೋಟಾನ್’ ಎಂಬ ತಂತ್ರಾಂಶದ ಮೂಲಕ ಓಡಿಸುತ್ತೆ. ಗುಂಡಿ ಒತ್ತಿದರೆ ಆಟ ಅಲ್ಲೇ ಮಲಗುತ್ತೆ, ಮತ್ತೆ ಒತ್ತಿದರೆ ಅದೇ ಸಾಲಿನಿಂದ ಮುಂದುವರಿಯುತ್ತೆ. ಓದುವ ಆಟಗಳಿಗೆ, ಬಸ್ಸು-ಮೆಟ್ರೋ ಪ್ರಯಾಣಕ್ಕೆ ಇದಕ್ಕಿಂತ ಬೇರೆ ಬೇಕಿಲ್ಲ. ಮೊದಲ ನಾಲ್ಕೂ ನಿಂಟೆಂಡೊ ಸ್ವಿಚ್‌ನಲ್ಲೂ ಇವೆ; ಅನ್‌ರೆಸ್ಟ್ ಕಂಪ್ಯೂಟರ್‌ಗೆ ಮಾತ್ರ. ಚಿಕ್ಕ ಪರದೆಯಲ್ಲಿ ಮೊದಲು ಮಾಡಬೇಕಾದ ಕೆಲಸ, ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಳ್ಳೋದು.

ಪೂರ್ತಿ ಬೆಲೆ ಕೊಡಲು ಅವಸರ ಮಾಡಬೇಡಿ. ಸ್ಟೀಮ್‌ನಲ್ಲಿ ಬೇಸಿಗೆ, ಚಳಿಗಾಲದ ರಿಯಾಯಿತಿ ಮಾರಾಟ ಇರುತ್ತೆ. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು.

ನಿಮ್ಮ ದುಡ್ಡು ಯಾರಿಗೆ?

ಆಟದ ಒಳಗಿನ ರಾಜಕೀಯ ಮಾತಾಡಿ ಹೊರಗಿನದ್ದನ್ನು ಬಿಡೋದು ಸರಿಯಲ್ಲ. ಡಿಸ್ಕೋ ಎಲಿಸಿಯಮ್ ಕಟ್ಟಿದ ಪ್ರಮುಖರಾದ ರಾಬರ್ಟ್ ಕುರ್ವಿಟ್ಜ್, ಅಲೆಕ್ಸಾಂಡರ್ ರೋಸ್ಟೋವ್ ಮತ್ತು ಹೆಲೆನ್ ಹಿಂಡ್‌ಪೆರೆ ತಮ್ಮ ಇಚ್ಛೆಗೆ ವಿರುದ್ಧವಾಗಿ ಕಂಪನಿಯಿಂದ ಹೊರಬಿದ್ದಿದ್ದಾರೆ ಎಂಬ ಸುದ್ದಿ 2022ರಲ್ಲಿ ಬಂತು. ಕಂಪನಿಯನ್ನು ವಂಚನೆಯಿಂದ ಕೈವಶ ಮಾಡಿಕೊಳ್ಳಲಾಗಿದೆ ಅನ್ನೋದು ಕುರ್ವಿಟ್ಜ್ ಮತ್ತು ರೋಸ್ಟೋವ್ ಆರೋಪ. ಕಂಪನಿ ಅದನ್ನು ಅಲ್ಲಗಳೆದು, ಅವರ ನಡತೆಯ ಕಡೆ ಬೆರಳು ತೋರಿಸಿತು. ಬಂಡವಾಳ ತನ್ನ ಟೀಕೆಯನ್ನೂ ಸರಕು ಮಾಡಿಕೊಳ್ಳುತ್ತೆ ಅಂತ ಹೇಳಿದ ಆಟಕ್ಕೇ ಹೀಗಾಯಿತು.

ಪೆಂಟಿಮೆಂಟ್ ಮಾಡಿದ ಅಬ್ಸಿಡಿಯನ್ ಈಗ ಮೈಕ್ರೋಸಾಫ್ಟ್ ಒಡೆತನದಲ್ಲಿದೆ. ಇಸ್ರೇಲ್ ಸೇನೆಗೆ ಮೈಕ್ರೋಸಾಫ್ಟ್ ತಂತ್ರಜ್ಞಾನ ಒದಗಿಸುತ್ತಿದೆ ಎಂಬ ಕಾರಣಕ್ಕೆ 2025ರ ಏಪ್ರಿಲ್‌ನಲ್ಲಿ ಬಿಡಿಎಸ್ ಚಳವಳಿ ಎಕ್ಸ್‌ಬಾಕ್ಸ್ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಅದೇ ಸೆಪ್ಟೆಂಬರ್‌ನಲ್ಲಿ ಕಂಪನಿ ಇಸ್ರೇಲ್ ಸೇನೆಯ ಒಂದು ಘಟಕಕ್ಕೆ ಕೆಲವು ಸೇವೆಗಳನ್ನು ನಿಲ್ಲಿಸಿತು. ಕೊಳ್ಳೋದು ಬಿಡೋದು ನಿಮ್ಮ ತೀರ್ಮಾನ. ಗೊತ್ತಿದ್ದು ಮಾಡಿ, ಅಷ್ಟೇ. ಸಿಟಿಜನ್ ಸ್ಲೀಪರ್, ಸುಜರೈನ್‌ನಂಥ ಆಟಗಳಲ್ಲಿ ಈ ಇಕ್ಕಟ್ಟು ಕಡಿಮೆ.

ಎಲ್ಲಿಂದ ಶುರು ಮಾಡಲಿ?

ವಾರಾಂತ್ಯ ಮಾತ್ರ ಇದ್ದರೆ ಸಿಟಿಜನ್ ಸ್ಲೀಪರ್. ತಿಂಗಳು ಕೊಡಬಲ್ಲಿರಾದರೆ ಡಿಸ್ಕೋ ಎಲಿಸಿಯಮ್. ಇತಿಹಾಸದ ಹುಚ್ಚಿದ್ದರೆ ಪೆಂಟಿಮೆಂಟ್. ಒಂದೇ ಷರತ್ತು: ಕೆಟ್ಟ ಫಲಿತಾಂಶ ಬಂತು ಅಂತ ಹಿಂದಕ್ಕೆ ಹೋಗಿ ಮತ್ತೆ ಆಡಬೇಡಿ. ಸೋಲಿನ ದಾರಿಯನ್ನೂ ಬರೆದಿರುವ ಆಟಗಳಿವು, ಒಳ್ಳೆಯ ಭಾಗ ಎಷ್ಟೋ ಸಲ ಅಲ್ಲೇ ಇರುತ್ತೆ.

ಇವುಗಳಲ್ಲಿ ಒಂದೂ ಕನ್ನಡದಲ್ಲಿಲ್ಲ. ಇಷ್ಟೊಂದು ಓದಿಸುವ ಆಟಗಳಿಗೆ ಅದು ಸಣ್ಣ ಅಡ್ಡಿಯಲ್ಲ. ಇಂಗ್ಲಿಷ್ ಸಲೀಸಾಗಿ ಓದಬಲ್ಲವರಿಗೆ ಮಾತ್ರ ಈ ಬಾಗಿಲು ತೆರೆಯುತ್ತೆ. ಆದರೆ ಇಂಥದ್ದನ್ನು ಕಟ್ಟೋದು ಈಗ ಅಷ್ಟು ಕಷ್ಟವಲ್ಲ. ‘ಟ್ವೈನ್’ ಅನ್ನೋದು ಉಚಿತ ಸಲಕರಣೆ. ಕೋಡಿಂಗ್ ಹೆಚ್ಚು ಗೊತ್ತಿರಬೇಕಿಲ್ಲ, ಬ್ರೌಸರ್‌ನಲ್ಲೇ ಆಡಬಹುದು, ಕನ್ನಡ ಅಕ್ಷರವೂ ಸರಿಯಾಗಿ ಮೂಡುತ್ತೆ. ಪಡಿತರ ಅಂಗಡಿಯ ಸಾಲು, ಪಿಜಿಯಲ್ಲಿದ್ದು ಕೆಪಿಎಸ್‌ಸಿ ಪರೀಕ್ಷೆಗೆ ಓದುವ ಹುಡುಗಿ, ಗಾರ್ಮೆಂಟ್ಸ್ ಕಾರ್ಖಾನೆಯ ಒಂದು ಪಾಳಿ: ಯಾವುದನ್ನು ಬೇಕಾದರೂ ಆಟ ಮಾಡಬಹುದು. ಕೂತು ಬರೆಯುವಾಗ ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಆ ಬದುಕಿನಲ್ಲಿ ನೀವು ಏನನ್ನು ಎಣಿಸುತ್ತೀರಿ?