ಮಸುಕಾದ ಆಜ್ಞೆಗಳು: ಛಾಯಾಚಿತ್ರ ಸಂಸ್ಕರಣದ ತೊಡಕು ಮತ್ತು ಪರಿಹಾರ

ಛಾಯಾಚಿತ್ರವೆಂಬುದು ಗತಿಸಿದ ಕಾಲದ ಮೂಕಸಾಕ್ಷಿ. ಬೀಳಗಿ ತಾಲೂಕಿನ ಬಾಡಗಂಡಿಯ ಸುತ್ತಲಿನ ಸೀಮೆಯಲ್ಲಿ ಈ ಮಾತಿಗೆ ವಿಶೇಷವಾದ ತೂಕವುಂಟು. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗವನ್ನೂ, ಬೀಳಗಿ ತಾಲೂಕಿನ ನದೀತೀರದ ಹಲವು ಗ್ರಾಮಗಳನ್ನೂ ತನ್ನ ಒಡಲಿಗೆ ಸೇರಿಸಿಕೊಂಡಿತು. ಜನರು ಪುನರ್ವಸತಿ ಕೇಂದ್ರಗಳಿಗೆ ನಡೆದರು. ಅವರ ಅಗಸಿ, ಕಟ್ಟೆ, ಪಡಸಾಲೆಗಳು ನೀರಿನಡಿಯಲ್ಲಿ ಉಳಿದವು. ಇಂದು ಅವುಗಳ ರೂಪವನ್ನು ಕಾಣಬೇಕಾದರೆ ಟ್ರಂಕಿನ ತಳದಲ್ಲಿಯೋ ಗೋಡೆಯ ಕಟ್ಟಿನಲ್ಲಿಯೋ ಉಳಿದ ಹಳದಿಗಟ್ಟಿದ ಚಿತ್ರವೇ ಶರಣು. ಅಂತಹ ಚಿತ್ರವನ್ನು ಮತ್ತೊಮ್ಮೆ ತೆಗೆಯಲು ಬಾರದು. ಆದುದರಿಂದ ಅದನ್ನು ಗಣಕಯಂತ್ರದಲ್ಲಿ ಸಂಸ್ಕರಿಸುವವನ ಹೊಣೆ ಹಿರಿದು.

ಈ ಕಾರ್ಯಕ್ಕೆ ಫೋಟೋಶಾಪ್, ಗಿಂಪ್ ಮುಂತಾದ ತಂತ್ರಾಂಶಗಳು ಬಳಕೆಯಲ್ಲಿವೆ. ಫೋಟೋಶಾಪ್ 1990ರಲ್ಲಿ ಬಂದಿತು. ಯಾರೂ ಬೆಲೆಯಿಲ್ಲದೆ ಪಡೆಯಬಹುದಾದ ಗಿಂಪ್ 1996ರಲ್ಲಿ ಜನರ ಕೈಸೇರಿತು. ಇವುಗಳನ್ನು ಹೊಸದಾಗಿ ಕಲಿಯುವವರನ್ನು ಕಾಡುವ ತೊಡಕೊಂದುಂಟು. ಬೇಕಾದ ಆಜ್ಞೆ ಮೆನುವಿನಲ್ಲಿ ಕಣ್ಣಿಗೆ ಕಾಣುತ್ತದೆ. ಆದರೆ ಅದರ ಅಕ್ಷರಗಳು ಬೂದಿಬಣ್ಣಕ್ಕೆ ತಿರುಗಿ ಮಸುಕಾಗಿವೆ. ಎಷ್ಟು ಸಲ ಒತ್ತಿದರೂ ಓಗೊಡುವುದಿಲ್ಲ. ಕಲಿಯುವವನು ಯಂತ್ರ ಕೆಟ್ಟಿತೆಂದು ಭಾವಿಸಿ, ತಂತ್ರಾಂಶವನ್ನೇ ಅಳಿಸಿ ಮರಳಿ ಸ್ಥಾಪಿಸಲು ತೊಡಗುತ್ತಾನೆ. ಬಹುತೇಕ ಪ್ರಸಂಗಗಳಲ್ಲಿ ಇದು ವ್ಯರ್ಥಶ್ರಮ.

ಮಸುಕಿನ ಅರ್ಥ

ಮಸುಕಾಗುವಿಕೆ ದೋಷವಲ್ಲ, ಸೂಚನೆ. 1984ರಲ್ಲಿ ಬಂದ ಮ್ಯಾಕಿಂಟೋಷ್ ಗಣಕದ ಮೆನುಗಳಲ್ಲಿಯೂ ಆ ಹೊತ್ತಿಗೆ ಸಲ್ಲದ ಆಜ್ಞೆಗಳನ್ನು ಮರೆಮಾಡದೆ ಮಸುಕಾಗಿ ತೋರಿಸುವ ಪದ್ಧತಿ ಇತ್ತು. ಆಜ್ಞೆ ಇದೆ, ಆದರೆ ಅದು ನಡೆಯಲು ಬೇಕಾದ ಸಾಮಗ್ರಿ ಈಗ ಕೂಡಿಬಂದಿಲ್ಲ ಎಂಬುದೇ ಅದರ ತಾತ್ಪರ್ಯ.

ಇದನ್ನು ಅರಿಯಲು ನಮ್ಮ ಶಾಸ್ತ್ರಕಾರರು ವಾಕ್ಯಾರ್ಥಕ್ಕೆ ಹೇಳಿದ ಮೂರು ಕಾರಣಗಳು ಒಳ್ಳೆಯ ದಾರಿದೀಪ. ಪದಗಳಲ್ಲಿ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರೂ ಇದ್ದಾಗಲೇ ವಾಕ್ಯ ಅರ್ಥ ಕೊಡುತ್ತದೆ. ‘ತಂದನು’ ಎಂದರೆ ಏನನ್ನು ಎಂಬ ಅಪೇಕ್ಷೆ ಉಳಿಯುತ್ತದೆ, ಅದು ಆಕಾಂಕ್ಷೆ. ‘ಬೆಂಕಿಯಿಂದ ತೋಯಿಸಿದನು’ ಎಂಬಲ್ಲಿ ಪದಗಳಿದ್ದರೂ ಹೊಂದಿಕೆಯಿಲ್ಲ. ಅಲ್ಲಿ ಯೋಗ್ಯತೆಯ ಅಭಾವ. ಒಂದು ಪದವನ್ನು ಮುಂಜಾನೆ, ಇನ್ನೊಂದನ್ನು ಸಂಜೆ ನುಡಿದರೆ ಸನ್ನಿಧಿ ತಪ್ಪುತ್ತದೆ. ತಂತ್ರಾಂಶದ ಆಜ್ಞೆಯೂ ಒಂದು ಕ್ರಿಯಾಪದವೇ. ಅದು ಮಸುಕಾದಾಗ ಈ ಮೂರರಲ್ಲಿ ಯಾವುದು ತಪ್ಪಿದೆ ಎಂದು ಕೇಳಿಕೊಂಡರೆ ಪರಿಹಾರ ತಾನಾಗಿ ತೋರುತ್ತದೆ.

ಆಕಾಂಕ್ಷೆ: ಕರ್ಮಪದದ ಕೊರತೆ

ಆಜ್ಞೆಗೆ ಒಂದು ವಿಷಯ ಬೇಕು. ಏನನ್ನೂ ನಕಲು ಮಾಡಿಕೊಳ್ಳದಿದ್ದರೆ ‘ಪೇಸ್ಟ್’ ಮಸುಕಾಗಿರುತ್ತದೆ. ಚಿತ್ರದ ಯಾವ ಭಾಗವನ್ನೂ ಆರಿಸದಿದ್ದರೆ ಆಯ್ಕೆಯನ್ನು ಹಿಗ್ಗಿಸುವ, ಕುಗ್ಗಿಸುವ ಆಜ್ಞೆಗಳು ನಡೆಯುವುದಿಲ್ಲ. ಇಷ್ಟು ಸುಲಭ.

ಪದರಗಳ, ಎಂದರೆ ಲೇಯರುಗಳ ವಿಷಯ ಇನ್ನಷ್ಟು ಸೂಕ್ಷ್ಮ. ಫೋಟೋಶಾಪಿಗೆ ಪದರಗಳ ವ್ಯವಸ್ಥೆ 1994ರ ಮೂರನೆಯ ಆವೃತ್ತಿಯಲ್ಲಿ ಬಂದಿತು. ಅಂದಿನಿಂದ ಹೆಚ್ಚಿನ ಕೆಲಸಗಳು ಆಯ್ದುಕೊಂಡ ಪದರದ ಮೇಲೆಯೇ ನಡೆಯುತ್ತವೆ. ಸ್ಕ್ಯಾನ್ ಮಾಡಿ ತೆರೆದ ಚಿತ್ರದಲ್ಲಿ ಸಾಮಾನ್ಯವಾಗಿ ‘ಬ್ಯಾಕ್‌ಗ್ರೌಂಡ್’ ಎಂಬ ಒಂದೇ ಪದರವಿದ್ದು, ಅದರ ಪಕ್ಕದಲ್ಲಿ ಬೀಗದ ಗುರುತು ಇರುತ್ತದೆ. ಈ ಪದರ ಆಯ್ಕೆಯಲ್ಲಿರುವಾಗ ಪಾರದರ್ಶಕತೆಯನ್ನು ಬದಲಿಸುವ ‘ಒಪ್ಯಾಸಿಟಿ’, ಬಣ್ಣಗಳನ್ನು ಬೆರೆಸುವ ಕ್ರಮಗಳ ಪಟ್ಟಿ ಎರಡೂ ಮಸುಕಾಗಿರುತ್ತವೆ. ಎಲ್ಲಕ್ಕಿಂತ ಕೆಳಗಿನ ಹಾಸುಗಲ್ಲು ಪಾರದರ್ಶಕವಾದರೆ ಅದರಡಿಯಲ್ಲಿ ಕಾಣಲು ಏನೂ ಇಲ್ಲವಲ್ಲ! ಆ ಪದರದ ಹೆಸರಿನ ಮೇಲೆ ಎರಡು ಬಾರಿ ಕ್ಲಿಕ್ಕಿಸಿ ಅದನ್ನು ಸಾಮಾನ್ಯ ಪದರವಾಗಿ ಮಾರ್ಪಡಿಸಿದ ಕೂಡಲೇ ಅವು ಕಣ್ತೆರೆಯುತ್ತವೆ. ಪದರವೇ ಮರೆಯಾಗಿದ್ದರೆ, ಎಂದರೆ ಅದರ ಕಣ್ಣಿನ ಗುರುತು ಅಳಿದಿದ್ದರೆ, ಕುಂಚವೂ ಅದರ ಮೇಲೆ ಆಡುವುದಿಲ್ಲ.

ಯೋಗ್ಯತೆ: ಚಿತ್ರದ ಜಾತಿ

ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲಿ. ಪ್ರತಿಯೊಂದು ಚಿತ್ರಕ್ಕೂ ಬಣ್ಣದ ಒಂದು ಕ್ರಮವಿರುತ್ತದೆ. ಅದು ‘ಇಮೇಜ್’ ಮೆನುವಿನ ‘ಮೋಡ್’ ಎಂಬಲ್ಲಿ ತಿಳಿಯುತ್ತದೆ. ಕೆಂಪು, ಹಸಿರು, ನೀಲಿಗಳ ಆರ್‌ಜಿಬಿ ಕ್ರಮದಲ್ಲಿ ಬಹುತೇಕ ಆಜ್ಞೆಗಳು ತೆರೆದಿರುತ್ತವೆ. ಉಳಿದ ಕ್ರಮಗಳಲ್ಲಿ ಹಾಗಿಲ್ಲ.

ಜಿಐಎಫ್ ಚಿತ್ರಗಳು ‘ಇಂಡೆಕ್ಸ್ಡ್’ ಕ್ರಮದಲ್ಲಿರುತ್ತವೆ. ಇದರಲ್ಲಿ ಹೆಚ್ಚೆಂದರೆ 256 ಬಣ್ಣಗಳ ಪಟ್ಟಿ. ಫೋಟೋಶಾಪಿನಲ್ಲಿ ಇಂತಹ ಚಿತ್ರಕ್ಕೆ ಹೊಸ ಪದರ ಸೇರಿಸಲಾಗದು, ಫಿಲ್ಟರುಗಳೂ ಮಸುಕಾಗಿರುತ್ತವೆ. ಆರ್‌ಜಿಬಿಗೆ ಮಾರ್ಪಡಿಸುವುದೇ ಮದ್ದು.

ಕಪ್ಪುಬಿಳುಪಿನ ಹಳೆಯ ಚಿತ್ರವನ್ನು ‘ಗ್ರೇಸ್ಕೇಲ್’ ಕ್ರಮದಲ್ಲಿ ಸ್ಕ್ಯಾನ್ ಮಾಡಿದರೆ, ಅದಕ್ಕೆ ಕಂದುಛಾಯೆ ಕೊಡಲು ಹೊರಟವನಿಗೆ ‘ಹ್ಯೂ ಸ್ಯಾಚುರೇಶನ್’, ‘ಕಲರ್ ಬ್ಯಾಲೆನ್ಸ್’ ಎರಡೂ ಮಸುಕಾಗಿ ಕಾಣುತ್ತವೆ. ಬಣ್ಣವೇ ಇಲ್ಲದ ಚಿತ್ರದಲ್ಲಿ ಬಣ್ಣದ ತಕ್ಕಡಿ ತೂಗುವುದೇನನ್ನು? ಇಲ್ಲಿಯೂ ಮೊದಲು ಆರ್‌ಜಿಬಿಗೆ ಬದಲಿಸಬೇಕು. ಬದಲಿಸಿದ ಮಾತ್ರಕ್ಕೆ ಬಣ್ಣ ಬಾರದು. ಬಣ್ಣಕ್ಕೆ ಅವಕಾಶ ಬರುತ್ತದೆ.

ಕೆಲವು ಬಾಗಿಲುಗಳಿಗೆ ಎರಡು ಮೆಟ್ಟಿಲುಂಟು. ಶುದ್ಧ ಕಪ್ಪು ಹಾಗೂ ಶುದ್ಧ ಬಿಳುಪು ಮಾತ್ರವಿರುವ ‘ಬಿಟ್‌ಮ್ಯಾಪ್’ ಕ್ರಮವು ಮುದ್ರೆ, ಸಹಿ, ರೇಖಾಚಿತ್ರಗಳಿಗೆ ಉಪಯುಕ್ತ. ಆದರೆ ಫೋಟೋಶಾಪಿನ ಆರ್‌ಜಿಬಿ ಚಿತ್ರದಲ್ಲಿ ಈ ಹೆಸರು ಮಸುಕಾಗಿರುತ್ತದೆ. ಮೊದಲು ಗ್ರೇಸ್ಕೇಲಿಗೆ ಇಳಿದು, ಅಲ್ಲಿಂದಲೇ ಅದಕ್ಕೆ ಹೋಗಬೇಕು.

ಸ್ಮರಣ ಸಂಚಿಕೆಗಳಿಗೆ ಚಿತ್ರ ಸಿದ್ಧಪಡಿಸುವವರು ಮುಖ್ಯವಾಗಿ ಗಮನಿಸತಕ್ಕದ್ದು ಮುದ್ರಣದ ಸಿಎಂವೈಕೆ ಕ್ರಮ. ಆಫ್‌ಸೆಟ್ ಮುದ್ರಣದ ನಾಲ್ಕು ಶಾಯಿಗಳಿಗಾಗಿ ಚಿತ್ರವನ್ನು ಈ ಕ್ರಮಕ್ಕೆ ಒಯ್ದ ಬಳಿಕ ಫೋಟೋಶಾಪಿನ ‘ಫಿಲ್ಟರ್ ಗ್ಯಾಲರಿ’, ‘ಕ್ಯಾಮೆರಾ ರಾ ಫಿಲ್ಟರ್’ ಮೊದಲಾದವು ಮಸುಕಾಗುತ್ತವೆ. ಮರಳಿ ಆರ್‌ಜಿಬಿಗೆ ತಂದರೆ ಅವು ತೆರೆಯುವುದೇನೋ ನಿಜ. ಆದರೆ ಮೊದಲ ಮಾರ್ಪಾಟಿನಲ್ಲಿ ಕಳೆದ ಬಣ್ಣದ ಹೊಳಪು ಹಿಂದಿರುಗದು. ಆದುದರಿಂದ ಸಂಸ್ಕಾರವೆಲ್ಲ ಆರ್‌ಜಿಬಿಯಲ್ಲಿ ಮುಗಿಯಬೇಕು. ಸಿಎಂವೈಕೆ ಕೊನೆಯ ವಿಧಿಯಾಗಬೇಕು.

ಬಣ್ಣದ ಕ್ರಮದಂತೆ ಅದರ ಆಳವೂ ಯೋಗ್ಯತೆಯ ಅಂಗ. 8 ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 16 ಬಿಟ್‌ನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಮಾಸಿದ ಚಿತ್ರವನ್ನು ತಿಳಿಗೊಳಿಸಲು 16 ಬಿಟ್ ಸ್ಕ್ಯಾನ್ ಉತ್ತಮವಾದರೂ, ಅದರಲ್ಲಿ ಫೋಟೋಶಾಪಿನ ಹಲವು ಅಲಂಕಾರ ಫಿಲ್ಟರುಗಳು ಸಲ್ಲವು. ಬೆಳಕು ನೆರಳುಗಳನ್ನು 16 ಬಿಟ್‌ನಲ್ಲಿ ಸರಿಪಡಿಸಿ, ಬಳಿಕ 8 ಬಿಟ್ ಪ್ರತಿಯಲ್ಲಿ ಉಳಿದುದನ್ನು ನಡೆಸುವುದು ಯುಕ್ತ.

ಚಿತ್ರದ ಕೆಳಗೆ ಬರೆದ ಅಕ್ಷರಗಳ ಪದರಕ್ಕೂ ಇದೇ ನ್ಯಾಯ. ಅದು ಅಕ್ಷರವಾಗಿರುವ ತನಕ ಕುಂಚವನ್ನೂ ಅಳಿಸುವ ರಬ್ಬರನ್ನೂ ಒಪ್ಪುವುದಿಲ್ಲ. ‘ರಾಸ್ಟರೈಜ್’ ಎಂಬ ಆಜ್ಞೆಯಿಂದ ಚಿತ್ರವಾಗಿಸಿದರೆ ಒಪ್ಪುತ್ತದೆ. ಆದರೆ ಆಮೇಲೆ ಕಾಗುಣಿತದ ತಪ್ಪನ್ನು ತಿದ್ದಲಾಗದು. ಹೆಸರುಗಳ ಕರಡನ್ನು ಇಬ್ಬರು ಓದಿದ ತರುವಾಯವೇ ಆ ಆಜ್ಞೆ ಕೊಡುವುದು ಲೇಸು.

ಸನ್ನಿಧಿ: ನಡುವೆ ನಿಂತ ಕಾರ್ಯ

ಕೆಲವೊಮ್ಮೆ ಒಂದೆರಡು ಆಜ್ಞೆಗಳಲ್ಲ, ಮೆನುವಿಗೆ ಮೆನುವೇ ಮಸುಕಾಗಿಬಿಡುತ್ತದೆ. ಹಿಂದಿನ ಕೆಲಸವೊಂದು ಅರ್ಧಕ್ಕೆ ನಿಂತಿದೆ ಎಂಬುದಕ್ಕೆ ಇದು ಗುರುತು. ಚಿತ್ರವನ್ನು ಹಿಗ್ಗಿಸುವ ಚೌಕಟ್ಟು ಇನ್ನೂ ತೆರೆದಿದೆ, ಅಥವಾ ಕತ್ತರಿಸುವ ಗೆರೆ ಎಳೆದು ಒಪ್ಪಿಗೆ ಕೊಟ್ಟಿಲ್ಲ. ಎಂಟರ್ ಒತ್ತಿದರೆ ಕೆಲಸ ಪೂರ್ಣವಾಗುತ್ತದೆ. ಎಸ್ಕೇಪ್ ಒತ್ತಿದರೆ ರದ್ದಾಗುತ್ತದೆ. ಅಕ್ಷರ ಬರೆಯುತ್ತಿರುವಾಗ ಮಾತ್ರ ಎಂಟರ್ ಹೊಸ ಸಾಲನ್ನು ತರುವುದರಿಂದ ಮೇಲ್ಪಟ್ಟಿಯ ಸರಿಗುರುತನ್ನೇ ಒತ್ತಬೇಕು.

ಫೋಟೋಶಾಪಿನಲ್ಲಿ ಅರಿಯದೆ ‘ಕ್ಯೂ’ ಅಕ್ಷರದ ಕೀಲಿ ತಗುಲಿದರೆ ‘ಕ್ವಿಕ್ ಮಾಸ್ಕ್’ ಎಂಬ ಸ್ಥಿತಿ ಬರುತ್ತದೆ. ಅದೇ ಕೀಲಿಯನ್ನು ಮತ್ತೆ ಒತ್ತಿದರೆ ಹೋಗುತ್ತದೆ. ಗಿಂಪ್‌ನ 2.10 ಹಾಗೂ ಅದಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಅಂಟಿಸಿದ ತುಂಡು ‘ತೇಲುವ ಆಯ್ಕೆ’ಯಾಗಿ ನಿಲ್ಲುತ್ತದೆ. ಅದನ್ನು ಕೆಳಗಿನ ಪದರಕ್ಕೆ ಲಂಗರು ಹಾಕುವವರೆಗೆ, ಇಲ್ಲವೆ ಹೊಸ ಪದರವಾಗಿಸುವವರೆಗೆ, ಹಲವು ಕೆಲಸಗಳು ತಡೆಯಲ್ಪಡುತ್ತವೆ. 2025ರ 3.0 ಆವೃತ್ತಿಯಲ್ಲಿ ಅಂಟಿಸಿದುದು ತಾನಾಗಿ ಹೊಸ ಪದರವಾಗುತ್ತದೆ.

ಉಳಿಸುವ ವೇಳೆಯ ಭ್ರಮೆ

ಕೆಲಸ ಮುಗಿಸಿ ಉಳಿಸಹೊರಟಾಗ ಪಟ್ಟಿಯಲ್ಲಿ ಜೆಪಿಇಜಿ ಎಂಬ ಹೆಸರೇ ಕಾಣದಿರುವುದುಂಟು. ಗಿಂಪ್ 2012ರ 2.8 ಆವೃತ್ತಿಯಿಂದ ‘ಸೇವ್’ ಆಜ್ಞೆಯನ್ನು ತನ್ನದೇ ಎಕ್ಸ್‌ಸಿಎಫ್ ಬಗೆಗೆ ಮೀಸಲಿರಿಸಿದೆ. ಜೆಪಿಇಜಿಗೆ ‘ಎಕ್ಸ್‌ಪೋರ್ಟ್’ ಬಳಸಬೇಕು. ಫೋಟೋಶಾಪಿನಲ್ಲಿಯೂ 2021ರಿಂದ ಪದರಗಳುಳ್ಳ ಚಿತ್ರಕ್ಕೆ ‘ಸೇವ್ ಎ ಕಾಪಿ’ ಎಂಬುದೇ ದಾರಿ. ಇದರಿಂದ ಪದರಗಳು ನಷ್ಟವಾಗದೆ ಉಳಿಯುತ್ತವೆ.

ಪರೀಕ್ಷಿಸುವ ಅನುಕ್ರಮ

ತೊಡಕು ಬಂದಾಗ ಹೀಗೆ ನಡೆಯಬೇಕು. ಮೊದಲು ಅರ್ಧಕ್ಕೆ ನಿಂತ ಕಾರ್ಯವಿದ್ದರೆ ಮುಗಿಸುವುದು. ಎರಡನೆಯದಾಗಿ ಯಾವ ಪದರ ಆಯ್ಕೆಯಲ್ಲಿದೆ, ಅದಕ್ಕೆ ಬೀಗವಿದೆಯೇ, ಅದು ಕಣ್ಣಿಗೆ ಕಾಣುತ್ತಿದೆಯೇ ಎಂದು ನೋಡುವುದು. ಮೂರನೆಯದಾಗಿ ಬಣ್ಣದ ಕ್ರಮ ಮತ್ತು ಬಿಟ್‌ಗಳನ್ನು ಅರಿಯುವುದು. ನಾಲ್ಕನೆಯದಾಗಿ ಬೇರೊಂದು ಸಾಮಾನ್ಯ ಆರ್‌ಜಿಬಿ ಚಿತ್ರವನ್ನು ತೆರೆದು ಅದೇ ಆಜ್ಞೆಯನ್ನು ಪರೀಕ್ಷಿಸುವುದು. ಅಲ್ಲಿ ಅದು ನಡೆದರೆ ಕಾರಣ ಮೊದಲ ಚಿತ್ರದಲ್ಲಿದೆ. ಅಲ್ಲಿಯೂ ನಡೆಯದಿದ್ದರೆ ಮಾತ್ರ ಯಂತ್ರವನ್ನು ಶಂಕಿಸಬೇಕು. ಆಗ ಫೋಟೋಶಾಪಿನ ‘ಪ್ರಿಫರೆನ್ಸಸ್’ನಲ್ಲಿ ‘ಪರ್ಫಾರ್ಮನ್ಸ್’ ಎಂಬಲ್ಲಿ ಗ್ರಾಫಿಕ್ಸ್ ಪ್ರೊಸೆಸರ್ ಬಳಸುವ ಗುರುತು ಇದೆಯೇ ಎಂದು ನೋಡಿ, ಅದಕ್ಕೆ ಸಂಬಂಧಿಸಿದ ಡ್ರೈವರನ್ನು ನವೀಕರಿಸಬೇಕು. ಅದೂ ಫಲಿಸದಿದ್ದರೆ ಪ್ರಿಫರೆನ್ಸಸ್‌ಗಳನ್ನೆಲ್ಲ ಮೂಲಸ್ಥಿತಿಗೆ ತರಬೇಕು. ತಂತ್ರಾಂಶವನ್ನು ಅಳಿಸಿ ಮರಳಿ ಸ್ಥಾಪಿಸುವುದು ಕಟ್ಟಕಡೆಯ ಮಾತು.

ಇವೆಲ್ಲಕ್ಕೂ ಮುನ್ನ ಪಾಲಿಸತಕ್ಕ ನಿಯಮವೊಂದಿದೆ: ಸ್ಕ್ಯಾನ್ ಮಾಡಿದ ಮೂಲಪ್ರತಿಯನ್ನು ಟಿಐಎಫ್ಎಫ್ ಬಗೆಯಲ್ಲಿ ಬೇರೆ ಇರಿಸಿ, ನಕಲಿನ ಮೇಲೆಯೇ ಕೈಯಾಡಿಸಬೇಕು. ಮಸುಕಾದ ಆಜ್ಞೆಯನ್ನು ತೆರೆಯುವ ಆತುರದಲ್ಲಿ ಚಿತ್ರದ ಜಾತಿಯನ್ನು ಹಿಂದುಮುಂದಾಗಿ ಬದಲಿಸುತ್ತ ಹೋದರೆ ಪ್ರತಿ ಬದಲಾವಣೆಯಲ್ಲಿಯೂ ಒಂದಿಷ್ಟು ಸತ್ವ ಸೋರಬಹುದು. ಮಸುಕಾದ ಆಜ್ಞೆಯನ್ನು ನಾಳೆಯೂ ಬೆಳಗಿಸಬಹುದು. ನೀರಿನಡಿ ಮುಳುಗಿದ ಅಂಗಳದ, ಅಲ್ಲಿ ನಿಂತು ನಕ್ಕ ಹಿರಿಯರ ಚಿತ್ರ ಒಮ್ಮೆ ಕೆಟ್ಟರೆ ಅದನ್ನು ಮರಳಿ ಕೊಡುವ ಆಜ್ಞೆ ಯಾವ ಮೆನುವಿನಲ್ಲಿಯೂ ಇಲ್ಲ. ಗಣಕದ ಮುಂದೆ ಕುಳಿತ ವಿದ್ಯಾರ್ಥಿಗೆ ಕೌಶಲಕ್ಕಿಂತ ಮೊದಲು ಈ ಎಚ್ಚರ ಬರಲಿ.