ಆಟಿಕೆಯ ಪುಸ್ತಿಕೆ ರದ್ದಿಗಲ್ಲ

"ಡಾಕ್ಟ್ರೇ, ಮಗು ಏನೋ ನುಂಗಿಬಿಟ್ಟಿದೆ" ಎಂದು ಗಾಬರಿಯಿಂದ ಓಡಿಬರುವ ತಂದೆತಾಯಿಯರಿಗೆ ನಾನು ಕೇಳುವ ಮೊದಲ ಪ್ರಶ್ನೆ, "ಏನನ್ನು?" ಬಹಳ ಸಲ ಬರುವ ಉತ್ತರ, "ಅಣ್ಣನ ಆಟದ ಡಬ್ಬಿಯಿಂದ ಯಾವುದೋ ತುಂಡು." ಅದು ಪ್ಲಾಸ್ಟಿಕ್ಕೋ, ಅಯಸ್ಕಾಂತವೋ, ಬ್ಯಾಟರಿಯೋ ಯಾರಿಗೂ ತಿಳಿದಿರುವುದಿಲ್ಲ. ಆಟಿಕೆಯ ಜೊತೆ ಬಂದ ಪುಸ್ತಿಕೆ ಎಲ್ಲಿ ಎಂದರೆ, "ಅದು ಆಗಲೇ ರದ್ದಿಗೆ ಹೋಯಿತಲ್ಲ!"

ಲೆಗೊದಂತಹ ಜೋಡಿಸುವ ಆಟಿಕೆಗಳ ಜೊತೆ ಬರುವ ಚಿತ್ರಪುಸ್ತಿಕೆ ಜೋಡಣೆಯ ಕ್ರಮವನ್ನಷ್ಟೇ ಹೇಳುವುದಿಲ್ಲ. ಲೆಗೊ ಪುಸ್ತಿಕೆಯ ಮುಖಪುಟದಲ್ಲಿ ಸೆಟ್ಟಿನ ಸಂಖ್ಯೆ ಇರುತ್ತದೆ. ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ಪ್ರತಿಯೊಂದು ಬಿಡಿಭಾಗದ ಚಿತ್ರ ಮತ್ತು ಅವು ಎಷ್ಟೆಷ್ಟು ಇವೆ ಎಂಬ ಲೆಕ್ಕ ಇರುತ್ತದೆ. ವೈದ್ಯರಿಗೆ ಬೇಕಾದದ್ದು ಇದೇ.

ಕಾರಣವಿಷ್ಟೆ. ಪ್ಲಾಸ್ಟಿಕ್ ತುಂಡು ಸಾಮಾನ್ಯವಾಗಿ ಎಕ್ಸ್-ರೇಯಲ್ಲಿ ಕಾಣುವುದಿಲ್ಲ. ನುಣುಪಾದ ಸಣ್ಣ ತುಂಡು ಜಠರ ಸೇರಿದರೆ ಹೆಚ್ಚಿನ ಸಂದರ್ಭಗಳಲ್ಲಿ ಮಲದೊಡನೆ ತಾನಾಗಿ ಹೊರಬೀಳುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಆರು ಮಂದಿ ಮಕ್ಕಳ ವೈದ್ಯರು ಲೆಗೊ ಬೊಂಬೆಯ ಪುಟ್ಟ ತಲೆಯನ್ನು ತಾವೇ ನುಂಗಿದರು. ಐವರಲ್ಲಿ ಅದು ಸರಾಸರಿ 1.7 ದಿನಗಳಲ್ಲಿ ಹೊರಬಂತು. ಒಬ್ಬರಿಗೆ ಸಿಗಲೇ ಇಲ್ಲ! ಚೂಪಾದ ಅಥವಾ ಉದ್ದನೆಯ ತುಂಡಿನ ವಿಷಯದಲ್ಲಿ ಇಷ್ಟು ನಿಶ್ಚಿಂತೆ ಸಲ್ಲದು.

ಬಟನ್ ಸೆಲ್‌ನ ಕಥೆಯೇ ಬೇರೆ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಎರಡು ಅಯಸ್ಕಾಂತಗಳು ಹೊಟ್ಟೆ ಸೇರಿದರೆ ಕರುಳಿನ ಮಡಿಕೆಗಳ ನಡುವೆ ಒಂದನ್ನೊಂದು ಸೆಳೆದು, ಕರುಳಿಗೆ ತೂತು ಬೀಳಬಹುದು. ಇವೆರಡಕ್ಕೂ ಕಾಯುವಂತಿಲ್ಲ, ಕೂಡಲೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಪುಸ್ತಿಕೆಗಳನ್ನು ಇಡುವುದು ಹೇಗೆ?

* ಪಾರದರ್ಶಕ ಹಾಳೆಗಳಿರುವ ಫೈಲೊಂದನ್ನು ತಂದು, ಸೆಟ್ಟಿನ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ. ದಪ್ಪ ಪುಸ್ತಿಕೆಗಳನ್ನು ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ.

* ಬ್ಯಾಟರಿ ಅಥವಾ ಅಯಸ್ಕಾಂತ ಇರುವ ಸೆಟ್ಟಾದರೆ ಮುಖಪುಟದ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆಯಿರಿ.

* ಮುಖಪುಟದ ಮತ್ತು ಬಿಡಿಭಾಗಗಳ ಪುಟದ ಫೋಟೋ ಮೊಬೈಲಿನಲ್ಲಿರಲಿ. ಲೆಗೊ ಕಂಪನಿ ಅನೇಕ ಸೆಟ್ಟುಗಳ ಪುಸ್ತಿಕೆಗಳನ್ನು ಇಂಟರ್ನೆಟ್ಟಿನಲ್ಲೂ ಒದಗಿಸುತ್ತದೆ. ಸಂಖ್ಯೆ ಗೊತ್ತಿದ್ದರೆ ಹುಡುಕುವುದು ಸುಲಭ.

* ಮಳೆಗಾಲದಲ್ಲಿ ಗೋಡೆಗೆ ತಾಗಿಸಿ ಇಡಬೇಡಿ. ತೇವಕ್ಕೆ ಕಾಗದ ಬೂಷ್ಟು ಹಿಡಿಯುತ್ತದೆ, ಪಿನ್ನುಗಳು ತುಕ್ಕು ಹಿಡಿಯುತ್ತವೆ. ಬೂಷ್ಟಿನ ವಾಸನೆಗೆ ಅಸ್ತಮಾ ಇರುವ ಮಕ್ಕಳಲ್ಲಿ ಸೀನು, ಉಬ್ಬಸ ಹೆಚ್ಚಬಹುದು. ಬಿಸಿಲು ಬಿದ್ದ ದಿನ ಹೊರಗೆ ತೆಗೆದು ಗಾಳಿಗೆ ಹರಡಿ.

* ಹುಳು ಬೀಳಬಾರದೆಂದು ನ್ಯಾಫ್ತಲೀನ್ ನುಸಿಗುಳಿಗೆ ಹಾಕಬೇಡಿ. ಮಕ್ಕಳು ಅದನ್ನು ಮಿಠಾಯಿ ಎಂದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾರೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಪುಸ್ತಿಕೆಯ ಫೈಲು ದೊಡ್ಡವರ ಕೈಗೆ ಥಟ್ಟನೆ ಸಿಗುವಂತಿರಲಿ. ಬಿಡಿಭಾಗಗಳ ಡಬ್ಬಿ ಮಾತ್ರ ಮೂರು ವರ್ಷದೊಳಗಿನ ಮಕ್ಕಳ ಕೈಗೆ ಎಟುಕದಂತಿರಲಿ.

ಒಂದು ಎಚ್ಚರಿಕೆ. ಮಗುವಿಗೆ ಉಸಿರು ಕಟ್ಟಿದ್ದರೆ, ಕೆಮ್ಮಲೂ ಅಳಲೂ ಆಗದಿದ್ದರೆ, ಪುಸ್ತಿಕೆ ಹುಡುಕುತ್ತ ಕೂರಬೇಡಿ. ತಲೆ ತಗ್ಗಿಸಿ, ಅಂಗೈಯಿಂದ ಬೆನ್ನಿನ ಮೇಲೆ, ಹೆಗಲ ಮೂಳೆಗಳ ನಡುವೆ ಐದು ಬಾರಿ ಬಲವಾಗಿ ತಟ್ಟಿ; ಇನ್ನೊಬ್ಬರು ಆಂಬುಲೆನ್ಸಿಗೆ ಫೋನ್ ಮಾಡಲಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಬೇಡಿ, ಅದು ಇನ್ನೂ ಒಳಕ್ಕೆ ಹೋಗಬಹುದು. ಏನೇ ನುಂಗಿದ್ದರೂ ಬಲವಂತದಿಂದ ವಾಂತಿ ಮಾಡಿಸಬೇಡಿ.

ಉಳಿದ ಸಂದರ್ಭಗಳಲ್ಲಿ ಮಗುವಿನ ಜೊತೆ ಪುಸ್ತಿಕೆಯನ್ನೂ ತನ್ನಿ. "ಡಾಕ್ಟ್ರೇ, ನುಂಗಿದ್ದು ಇದೇ" ಎಂದು ಬೆರಳಿಟ್ಟು ತೋರಿಸಿದರೆ ನಮ್ಮ ಅರ್ಧ ಕೆಲಸ ಅಲ್ಲಿಗೇ ಮುಗಿದಂತೆ.